ಸೂರಿನ ಅಂಚಿನ ಹಲಗೆ ಯಾವಾಗ ಬದಲಿಸಬೇಕು? ನಾನು ನೋಡಿಕೊಂಡ ರೀತಿ

ಹಂಚಿನ ಮನೆಯ ಸೂರಿನ ಉದ್ದಕ್ಕೂ, ಪಕಾಸಿಗಳ (ಹಂಚು ಹೊರುವ ಇಳಿಜಾರು ಮರದ ತುಂಡುಗಳ) ತುದಿ ಮುಚ್ಚುವಂತೆ ಒಂದು ಹಲಗೆ ಹೊಡೆದಿರುತ್ತಾರಲ್ಲ, ಅದರ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹಬ್ಬ ಬಂದಾಗ ಬಣ್ಣ ಬಳಿದರೆ ಮುಗಿಯಿತು. ಆದರೆ ಒಳಗಿನ ಕೊಳೆ ಕಾಣದಂತೆ ಮಾಡುವುದು ಆ ಬಣ್ಣವೇ.

ನಮ್ಮ ಮನೆ ಕುಮಟಾ ಕಡೆ, ಅಘನಾಶಿನಿ ಅಳಿವೆಗೆ ಹತ್ತಿರ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೊತೆಗೆ ಉಪ್ಪುಗಾಳಿ. ಮರ ಗಟ್ಟಿ ಇದ್ದರೂ ಮೊಳೆ ಮೊದಲು ಹೋಗುತ್ತದೆ.

ನಾನು ರೂಢಿ ಮಾಡಿಕೊಂಡದ್ದು ಇಷ್ಟೇ: ನೋಡುವುದು ಮಳೆಗಾಲದಲ್ಲಿ, ಚುಚ್ಚುವುದು ಮರ ಒಣಗಿದ ಮೇಲೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಅಂಗಳದಲ್ಲಿ ನಿಂತು ಸೂರನ್ನೇ ನೋಡಬೇಕು. ಕೊನೆಯ ಸಾಲಿನ ಹಂಚು ಹಲಗೆಯಿಂದ ಎರಡು ಇಂಚಾದರೂ ಹೊರಗೆ ಚಾಚಿರಬೇಕು, ನೀರು ಹಲಗೆಗೆ ತಾಗದೆ ನೇರ ಕೆಳಗೆ ಬೀಳಬೇಕು. ಹಂಚು ಹಿಂದೆ ಸರಿದಿದ್ದರೆ, ಇಲ್ಲವೇ ಒಡೆದಿದ್ದರೆ, ನೀರು ಅದರ ಅಡಿಯಿಂದ ಒಳಕ್ಕೆ ಹೊರಳಿ ಹಲಗೆಯ ಮೈಮೇಲೆ ಇಳಿಯುತ್ತದೆ. ಅಂಥ ಜಾಗದ ನೇರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿಟ್ಟೆ. ಮಳೆಗಾಲದಲ್ಲಿ ಚುಚ್ಚಿ ನೋಡಿದರೆ ಪ್ರಯೋಜನ ಕಮ್ಮಿ. ಆಗ ಒಳ್ಳೆಯ ಮರವೂ ನೆನೆದು ಮೆತ್ತಗೇ ಇರುತ್ತದೆ.

ದೀಪಾವಳಿ ಕಳೆದು ಮರ ಒಣಗಿದ ಮೇಲೆ ಏಣಿ ಹಾಕಿದೆ. ಕೈಯಲ್ಲಿ ಒಂದು ಹಳೇ ಸ್ಕ್ರೂಡ್ರೈವರ್. ಎಲ್ಲರೂ ಹಲಗೆಯ ಮುಖ ನೋಡುತ್ತಾರೆ. ನೋಡಬೇಕಾದದ್ದು ಮೇಲಂಚು, ಎರಡು ಹಲಗೆ ಸೇರುವ ಜಾಗ ಮತ್ತು ಮೂಲೆಯ ತುದಿ. ಮರ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಿಂದ. ಮೊನೆ ತುಸು ಇಳಿದು ನಿಂತರೆ ಚಿಂತೆ ಇಲ್ಲ. ಅರ್ಧ ಇಂಚು ಸಲೀಸಾಗಿ ಹೋಗಿ, ಎಳೆದಾಗ ಪುಡಿಪುಡಿ ಉದುರಿದರೆ ಆ ತುಂಡು ಮುಗಿಯಿತು ಅಂತಲೇ ಲೆಕ್ಕ. ಬೆರಳಿನಿಂದ ತಟ್ಟಿದಾಗ ಬರುವ ಟೊಳ್ಳು ಸದ್ದು, ಮೊಳೆಯ ಸುತ್ತ ಕೆಂಪು ಕಲೆ, ಒರಲೆಯ (ಗೆದ್ದಲಿನ) ಮಣ್ಣಿನ ಗೆರೆ, ಇವನ್ನೂ ಬಿಡಬಾರದು. ಬರೇ ಬಣ್ಣ ಎದ್ದಿದ್ದರೆ ಹಲಗೆ ಕಿತ್ತು ಹಾಕುವುದು ಸುಮ್ನೆ ದುಡ್ಡು ದಂಡ.

ನಮ್ಮಲ್ಲಿ ಮಳೆ ಬಡಿಯುವುದು ಪಡುವಣ ಬದಿಗೆ. ಅಲ್ಲೇ ಹಾಳಾಗಿರುತ್ತದೆ ಅಂತ ಎಲ್ಲರ ಲೆಕ್ಕ. ಅಲ್ಲಿ ಮೊಳೆ ತುಕ್ಕು ಹಿಡಿದಿತ್ತು ನಿಜ, ಹಲಗೆ ಮಾತ್ರ ಗಟ್ಟಿ. ಪೂರ್ತಿ ಹೋದದ್ದು ಹಿತ್ತಲ ಬದಿ, ಹಲಸಿನ ಮರದ ನೆರಳಿನಲ್ಲಿ. ಸೂರಿನ ನೀರು ಹಿಡಿಯಲು ಹಾಕಿದ್ದ ತಗಡಿನ ದೋಣಿ ಎಲೆ ತುಂಬಿ, ಹಲಗೆಗೆ ಅಂಟಿಕೊಂಡು ನೀರು ನಿಲ್ಲಿಸಿತ್ತು. ಮರದಲ್ಲಿ ಸುಮಾರು 20 ಪ್ರತಿಶತಕ್ಕಿಂತ ಜಾಸ್ತಿ ತೇವ ಬಹಳ ದಿನ ನಿಂತರೆ ಕೊಳೆಸುವ ಶಿಲೀಂಧ್ರ ಬೆಳೆಯುತ್ತದೆ. ಪಡುವಣ ಬದಿ ನೆನೆದಷ್ಟೇ ಬೇಗ ಗಾಳಿ ಬಿಸಿಲಿಗೆ ಆರುತ್ತದೆ. ಹಿತ್ತಲ ಬದಿ ಆರುವುದೇ ಇಲ್ಲ.

ಆಚಾರಿಯನ್ನು ಕರೆದೆ. "ಹಲಗೆ ಬಿಡು ಮಾರಾಯಾ, ಮೊದಲು ಪಕಾಸಿ ತುದಿ ನೋಡುವ" ಅಂದರು. ಸರಿಯಾದ ಮಾತು. ಹಲಗೆ ಕಿತ್ತ ಮೇಲೆ ಒಂದೊಂದೇ ತುದಿ ಚುಚ್ಚಿ ನೋಡಿದೆವು. ಮೆತ್ತಗಾಗಿದ್ದ ಪಕಾಸಿಗಳಿಗೆ ಪಕ್ಕದಲ್ಲಿ ಹೊಸ ತುಂಡು ಜೋಡಿಸಿ ಬೋಲ್ಟ್ ಬಿಗಿದರು. ಅದು ಬಿಟ್ಟು ಹೊಸ ಹಲಗೆ ಹೊಡೆದಿದ್ದರೆ ಮೊಳೆಗೆ ಹಿಡಿತವೇ ಸಿಗುತ್ತಿರಲಿಲ್ಲ.

ಪಡುವಣ ಬದಿಗೆ ಹಳೇ ಹಲಗೆಯೇ ಉಳಿಯಿತು, ಮೊಳೆ ತೆಗೆದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆವು. ಹಿತ್ತಲಿಗೆ ಒಂದಿಂಚು ದಪ್ಪದ ಮತ್ತಿ ಮರದ ಹಲಗೆ. ಜೋಡಿಸುವ ಮೊದಲೇ ಆರೂ ಮುಖಕ್ಕೆ ಪ್ರೈಮರ್ ಹಚ್ಚಿದೆ, ಕೊಯ್ದ ತುದಿಗಳಿಗೆ ಎರಡೆರಡು ಸಲ. ಕೂಡಿಸುವ ಜಾಗ ಪಕಾಸಿಯ ನಡುಮಧ್ಯಕ್ಕೇ ಬರಬೇಕು, ಅದೂ ಓರೆಯಾಗಿ ಕೊಯ್ದು. ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯದ್ದು) ಹಚ್ಚಿ ಅಂತ ಹೇಳಿದವರೂ ಇದ್ದರು. ಹುಳ ತಡೆಯಲು ಅದು ಒಳ್ಳೆಯದೇ. ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಹಾಗಾಗಿ ಪಕಾಸಿ ತುದಿಗಳಿಗೆ ಮಾತ್ರ ಬಳಸಿದೆ, ಕೈಗವಸು ಹಾಕಿಕೊಂಡು. ಅದೇ ಹೊತ್ತಿಗೆ ಹಿತ್ತಲ ಬದಿಯ ಹಂಚನ್ನೂ ಕೈಯಾಡಿಸಿ ಸರಿಯಾಗಿ ಕೂರಿಸಿಕೊಂಡೆವು.

ದೋಣಿ ಬೇಕೇ ಬೇಕು ಅನ್ನುವವರು ಅದನ್ನು ಹಲಗೆಗೆ ಒತ್ತಿ ಹೊಡೆಯದೆ, ನಡುವೆ ಬೆರಳು ಆಡುವಷ್ಟು ಜಾಗ ಬಿಡಲಿ. 10 ಅಡಿಗೆ ಅರ್ಧ ಇಂಚಾದರೂ ಇಳಿಜಾರು ಇರಲಿ. ನಾನಂತೂ ಹಿತ್ತಲಿಗೆ ಮತ್ತೆ ದೋಣಿ ಹಾಕಲಿಲ್ಲ. ನೀರು ಬೀಳುವ ಸಾಲಿಗೆ ಜಲ್ಲಿ ಹರಡಿದೆ, ಕೆಸರು ಗೋಡೆಗೆ ಸಿಡಿಯುವುದು ಅಷ್ಟರಲ್ಲೇ ಕಮ್ಮಿಯಾಯಿತು.