ಹಳೇ ಫೋಟೋದಲ್ಲಿರೋ ಪಬ್ ಎಲ್ಲಿತ್ತು ಅಂತ ನಾನು ಹುಡುಕಿದ ಕಥೆ

ನಾನಿರೋದು ಇಂಗ್ಲೆಂಡಿನ ಸ್ಮೆಥಿಕ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ಗೆ ಅಂಟ್ಕೊಂಡೇ ಇರೋ ಊರು. ಪಕ್ಕದ ಮನೇಲಿ ಎಂಬತ್ತು ದಾಟಿದ ಅಜ್ಜಿ ಒಬ್ರಿದ್ದಾರೆ. ಎರಡು ವರ್ಷದ ಹಿಂದೆ ಒಂದಿನ ಬಿಸ್ಕತ್ ಡಬ್ಬದಿಂದ ಒಂದು ಫೋಟೋ ತೆಗ್ದು ಕೈಗಿಟ್ರು. ಒಂದು ಮೂಲೆ ಪಬ್, ಅದರ ಮುಂದೆ ಏಳೆಂಟು ಮಕ್ಕಳು, ಅದ್ರಲ್ಲಿ ಕೈಲಿ ಬಾಟ್ಲು ಹಿಡ್ಕೊಂಡು ನಿಂತಿರೋ ಹುಡುಗಿ ಅವ್ರ ಅಮ್ಮ. "ನಮ್ಮನೆ ಇದರ ಎದುರಿಗೇ ಇತ್ತು ಅಂತ ಅಮ್ಮ ಹೇಳ್ತಿದ್ಲು, ಎಲ್ಲಿ ಅಂತ ನಾನು ಕೇಳ್ಲೇ ಇಲ್ಲ" ಅಂದ್ರು. ನಾನು ಕುಡಿಯೋಳಲ್ಲ, ಪಬ್ ಬಗ್ಗೆ ಅವಾಗ ಏನೂ ಗೊತ್ತಿರ್ಲಿಲ್ಲ, ಆದ್ರೆ ಆ ಮಾತು ಕೇಳಿ ಬಿಡೋಕಾಗ್ಲಿಲ್ಲ.

ಮೊದಲು ಫೋಟೋನ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಫೋಟೋ ಶಾರ್ಪ್ ಮಾಡ್ತೀವಿ ಅನ್ನೋ ಎಐ ಆ್ಯಪ್‌ಗಳನ್ನ ಈ ಕೆಲ್ಸಕ್ಕೆ ಮುಟ್ಬೇಡಿ, ಮಸುಕಾಗಿರೋ ಬೋರ್ಡಲ್ಲಿ ಇಲ್ಲದ ಅಕ್ಷರ ತಾವೇ ಬರೆದು ಕೊಡ್ತವೆ, ನೀವು ಅದನ್ನ ನಂಬ್ಕೊಂಡು ವಾರಗಟ್ಲೆ ಹುಡುಕ್ತೀರ. ಕಾಂಟ್ರಾಸ್ಟ್ ಹೆಚ್ಚುಕಮ್ಮಿ ಮಾಡಿದ್ರೆ ಸಾಕು. ಹಿಂದ್ಗಡೆ ನೋಡಿದ್ರೆ ಅದು ಪೋಸ್ಟ್‌ಕಾರ್ಡ್, ನಡುವೆ ಗೆರೆ ಎಳ್ದು ಒಂದು ಕಡೆ ವಿಳಾಸ ಒಂದು ಕಡೆ ಮಾತು ಬರೆಯೋಕೆ ಜಾಗ. ಬ್ರಿಟನ್ನಲ್ಲಿ ಆ ಥರದ ಕಾರ್ಡ್ ಬಂದಿದ್ದು 1902ರಲ್ಲಿ, ಹಂಗಾಗಿ ಅದಕ್ಕಿಂತ ಹಳೇದಲ್ಲ. ಪೋಸ್ಟ್ ಮಾಡಿರ್ಲಿಲ್ಲ, ಸ್ಟ್ಯಾಂಪೂ ಇಲ್ಲ ಮುದ್ರೆಯೂ ಇಲ್ಲ.

ಪಬ್ ಹೆಸರು ರಾಯಲ್ ಓಕ್. ಹೆಸರು ಸಿಕ್ತಲ್ಲ ಇನ್ನೇನು ಅಂತ ಖುಷಿ ಪಟ್ಟೆ, ಆಮೇಲೆ ಗೊತ್ತಾಯ್ತು ಈ ಹುಡುಕಾಟದಲ್ಲಿ ಪಬ್ ಹೆಸರಿನಷ್ಟು ಕಮ್ಮಿ ಉಪಯೋಗಕ್ಕೆ ಬರೋದು ಬೇರೆ ಇಲ್ಲ ಅಂತ. 1651ರಲ್ಲಿ ವೂಸ್ಟರ್ ಯುದ್ಧ ಸೋತ ಮೇಲೆ ಎರಡನೇ ಚಾರ್ಲ್ಸ್ ಓಕ್ ಮರದಲ್ಲಿ ಅಡಗಿ ಕೂತು ಬಚಾವಾದನಲ್ಲ, ಆಮೇಲೆ ಅವನು ರಾಜ ಆದಾಗಿಂದ ಇಡೀ ದೇಶದಲ್ಲಿ ಆ ಹೆಸರು. ರೆಡ್ ಲಯನ್, ಕ್ರೌನ್, ವೈಟ್ ಹಾರ್ಟ್ ಎಲ್ಲಾ ಇದೇ ಥರ, ಒಂದೇ ಊರಲ್ಲಿ ನಾಲ್ಕೈದು ಇರೋದು ಮಾಮೂಲು.

ಅದಕ್ಕೇ ಪಬ್ಬನ್ನ ಬಿಟ್ಟು ಅದರ ಸುತ್ತಮುತ್ತ ಇರೋದನ್ನ ನೋಡೋಕೆ ಶುರು ಮಾಡಿದೆ. ಕಿಟಕಿ ಮೇಲೆ ದೊಡ್ಡದಾಗಿ ಹೋಲ್ಟ್ ಅಂತಿತ್ತು, ಅಂದ್ರೆ ಬಿಯರ್ ಕಂಪ್ನಿ. ಇಲ್ಲಿ ಆಗ ಬಹಳಷ್ಟು ಪಬ್‌ಗಳು ಬ್ರೂವರಿಗಳದ್ದೇ, ಅವ್ರ ಬಿಯರನ್ನೇ ಮಾರ್ಬೇಕು, ಹಂಗಾಗಿ ಬ್ರೂವರಿ ಗೊತ್ತಾದ್ರೆ ಸೀಮೆ ಗೊತ್ತಾದಂಗೆ. ಟೆಟ್ಲಿ ಅಂದ್ರೆ ಲೀಡ್ಸ್ ಕಡೆ, ಶಿಪ್‌ಸ್ಟೋನ್ ಅಂದ್ರೆ ನಾಟಿಂಗ್‌ಹ್ಯಾಮ್, ಬ್ರಿಕ್‌ವುಡ್ ಅಂದ್ರೆ ಪೋರ್ಟ್ಸ್‌ಮತ್. ಆದ್ರೆ ನನ್ನ ಗ್ರಹಚಾರಕ್ಕೆ ಹೋಲ್ಟ್ ಅನ್ನೋದು ಎರಡಿತ್ತು, ಮ್ಯಾಂಚೆಸ್ಟರಿನ ಜೋಸೆಫ್ ಹೋಲ್ಟ್ (ಅದು ಈಗ್ಲೂ ಇದೆ), ಇನ್ನೊಂದು ಬರ್ಮಿಂಗ್‌ಹ್ಯಾಮಿನ ಹೋಲ್ಟ್ ಬ್ರೂವರಿ, ಅದನ್ನ 1934ರಲ್ಲಿ ಆನ್ಸೆಲ್ಸ್ ಅನ್ನೋ ಇನ್ನೊಂದು ಬ್ರೂವರಿಯೋರು ಕೊಂಡ್ಕೊಂಡ್ರು. ಅಜ್ಜಿಗೆ ಅಮ್ಮನ ಕಡೆಯವ್ರು ಮ್ಯಾಂಚೆಸ್ಟರಲ್ಲೂ ಇದ್ರಂತೆ. ಯಾವ ಊರು ಅಂತ ತಿಂಗಳಾದ್ರೂ ತೀರ್ಮಾನ ಆಗ್ಲಿಲ್ಲ.

ಬಿಡಿಸಿದ್ದು ಪಕ್ಕದ ಬಾಗ್ಲ ಗಾಜಿನ ಮೇಲಿದ್ದ ಒಂದು ಪದ. ಆ ಹುಡುಗಿ ನಿಂತಿರೋದು ಅದೇ ಬಾಗ್ಲ ಹತ್ರ, ತಲೆ ಮೇಲ್ಗಡೆ ಗಾಜಲ್ಲಿ "ಔಟ್‌ಡೋರ್" ಅಂತ ಕೆತ್ತಿದೆ. ಮನೆಗೆ ತಗೊಂಡೋಗೋಕೆ ಬಿಯರ್ ಕೊಡೋ ಕಿಟಕಿನ ಬೇರೆ ಕಡೆ "ಜಗ್ ಅಂಡ್ ಬಾಟಲ್" ಅಂತಿದ್ರು, ಔಟ್‌ಡೋರ್ ಅನ್ನೋದು ಈ ಮಿಡ್‌ಲ್ಯಾಂಡ್ಸ್ (ಇಂಗ್ಲೆಂಡಿನ ನಡುಭಾಗ, ಬರ್ಮಿಂಗ್‌ಹ್ಯಾಮ್ ಇರೋ ಸೀಮೆ) ಕಡೆ ಮಾತು. ಇನ್ನೊಂದು ಕಿಟಕೀಲಿ "ಸ್ಮೋಕ್ ರೂಮ್" ಅಂತಿತ್ತು, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಕೂರೋ ರೂಮು. ಆ ಪದ ನೋಡಿದಾಗೆಲ್ಲ ನಂಗೆ ನಮ್ಮ ಹೈ ಸ್ಟ್ರೀಟಿನ ಬ್ಲೂ ಗೇಟ್ಸ್ ಪಬ್ ನೆನಪಾಗತ್ತೆ, 1965ರ ಫೆಬ್ರವರೀಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆಥಿಕ್‌ಗೆ ಬಂದಾಗ ಅಲ್ಲಿನ ಸ್ಮೋಕ್ ರೂಮಲ್ಲಿ ಸರ್ವ್ ಮಾಡಲ್ಲ ಅಂದಿದ್ರು, ಕರಿಯರಿಗೂ ನಮ್ಮ ಭಾರತದವ್ರಿಗೂ ಆಗ ಅಂಥ ರೂಮುಗಳಿಗೆ ಪ್ರವೇಶ ಇರ್ಲಿಲ್ಲ. ಫೋಟೋದಲ್ಲಿರೋ ಕಿಟಕಿ ಗಾಜಿಗೂ ಒಂದು ಚರಿತ್ರೆ ಇರತ್ತೆ ಅಂತ ನಂಗೆ ಅನ್ಸಿದ್ದು ಹಂಗೆ.

ಸರಿ, ಊರು ಬರ್ಮಿಂಗ್‌ಹ್ಯಾಮ್. ಬಾಗ್ಲ ಮೇಲೆ ಕಾನೂನಿನ ಪ್ರಕಾರ ಲೈಸೆನ್ಸ್ ಇರೋನ ಹೆಸರು ಬರ್ದಿರ್ಬೇಕಿತ್ತು ಆಗ, ಎಲ್ಲಾ ಹಳೇ ಪಬ್ ಫೋಟೋದಲ್ಲೂ ಮೊದಲು ಅಲ್ಲಿ ನೋಡಿ. ನನ್ನ ಫೋಟೋದಲ್ಲಿ ಹೆಸರಿನ ಮೊದಲರ್ಧ ನೆರಳಲ್ಲಿ ಮುಚ್ಚೋಗಿ ಸರ್‌ನೇಮಿನ ಕೊನೇ ನಾಲ್ಕಕ್ಷರ ಮಾತ್ರ ಕಾಣ್ತಿತ್ತು. ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಹಳೇ ಕೆಲ್ಲೀಸ್ ಡೈರೆಕ್ಟರಿಗಳನ್ನ ನೋಡ್ತಾ ಕೂತೆ, ಅದ್ರಲ್ಲಿ ಯಾವ ರಸ್ತೆ ಯಾವ ನಂಬರಲ್ಲಿ ಯಾರು ಏನು ವ್ಯಾಪಾರ ಮಾಡ್ತಿದ್ರು ಅಂತ ಇರತ್ತೆ. ಅಲ್ಲಿದ್ದ ರಾಯಲ್ ಓಕ್‌ಗಳಲ್ಲಿ ಯಾವ್ದರ ಹೆಸರೂ ಹೊಂದ್ಲಿಲ್ಲ. ನಾಲ್ಕು ಶನಿವಾರ ಹಂಗೇ ಹೋಯ್ತು.

ನಾನು ತಪ್ಪಿದ್ದು ಎಲ್ಲಿ ಅಂದ್ರೆ, 1830ರ ಬಿಯರ್‌ಹೌಸ್ ಕಾಯ್ದೆ ಪ್ರಕಾರ ತೆರಿಗೆ ಕಟ್ಟೋ ಯಾರು ಬೇಕಾದ್ರೂ 2 ಗಿನಿ ಕೊಟ್ಟು ಬಿಯರ್ ಮಾತ್ರ ಮಾರೋ ಲೈಸೆನ್ಸ್ ತಗೋಬಹುದಿತ್ತು, ಅದ್ರಿಂದ ಸಾಲುಮನೆಗಳ ಮೂಲೆ ಮೂಲೇಲಿ ಬಿಯರ್‌ಹೌಸ್ ಹುಟ್ಕೊಂಡ್ವು. ಡೈರೆಕ್ಟರೀಲಿ ಇಂಥವಕ್ಕೆ ಸಾಮಾನ್ಯವಾಗಿ ಪಬ್ ಹೆಸರೇ ಹಾಕಲ್ಲ, ಬರೀ "ಬಿಯರ್ ರಿಟೇಲರ್" ಅಂತ ಆಸಾಮಿ ಹೆಸರಿನ ಮುಂದೆ ಇರತ್ತೆ! ನಾನು ರಾಯಲ್ ಓಕ್ ಅಂತ ಹುಡುಕ್ತಾ ಇದ್ದಿದ್ದು ಪೂರ್ತಿ ದಂಡ. ಬಿಯರ್ ರಿಟೇಲರ್ ಪಟ್ಟೀಲಿ ಆ ನಾಲ್ಕಕ್ಷರದಿಂದ ಮುಗಿಯೋ ಸರ್‌ನೇಮ್ ನೋಡಿದ್ರೆ ಮೂರು ಸಿಕ್ತು.

ಮೂರ್ರಲ್ಲಿ ಯಾವ್ದು ಅನ್ನೋಕೆ ಫೋಟೋದ ಅಂಚು ಸಹಾಯ ಮಾಡ್ತು. ಬಲಗಡೆ ಅಂಚಲ್ಲಿ ಅರ್ಧ ಕಟ್ಟಾಗಿ ಒಂದು ಪಟ್ಟೆ ಪಟ್ಟೆ ಕೋಲು, ಅದು ಕ್ಷೌರದಂಗಡಿ ಗುರುತು. ಡೈರೆಕ್ಟರೀಲಿ ರಸ್ತೆ ಪ್ರಕಾರ ನೋಡಿದ್ರೆ ಮನೆಗಳು ಸಾಲಾಗಿ ಬರ್ತವೆ, ಅಡ್ಡರಸ್ತೆ ಬಂದಾಗ "ಇಲ್ಲಿ ಇಂಥ ರಸ್ತೆ" ಅಂತ ನಡುವೆ ಬರ್ದಿರ್ತಾರೆ. ಅಡ್ಡರಸ್ತೆ, ಬಿಯರ್ ರಿಟೇಲರ್, ಪಕ್ಕದಲ್ಲೇ ಹೇರ್‌ಡ್ರೆಸರ್, ಈ ಕ್ರಮದಲ್ಲಿ ಇದ್ದಿದ್ದು ಮೂರ್ರಲ್ಲಿ ಒಂದೇ, ಬರ್ಮಿಂಗ್‌ಹ್ಯಾಮಿನ ಲೇಡಿವುಡ್ ಅನ್ನೋ ಬಡಾವಣೆ ಕಡೆ.

ಆಮೇಲೆ ಮ್ಯಾಪು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನೋರು ಹಳೇ ಆರ್ಡ್ನೆನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ಸರ್ವೇ ಇಲಾಖೆ) ಮ್ಯಾಪುಗಳನ್ನ ಫ್ರೀಯಾಗಿ ಇಟ್ಟಿದ್ದಾರೆ, ಇಂಗ್ಲೆಂಡಿಂದೂ ಸೇರಿ. ಮೈಲಿಗೆ 25 ಇಂಚಿನ ಮ್ಯಾಪಲ್ಲಿ ಪಬ್ ಇದ್ದ ಕಡೆ ಪಿ.ಎಚ್. ಅಂದ್ರೆ ಪಬ್ಲಿಕ್ ಹೌಸ್ ಅಂತ ಇರತ್ತೆ (ಬಿಯರ್‌ಹೌಸಿಗೆ ಕೆಲವು ಕಡೆ ಬಿ.ಎಚ್.), ಮನೆಗಳ ಕೆಳಗೆ ಹಾದು ಹೋಗೋ ಓಣಿಗೆ ಅಡ್ಡಡ್ಡ ಇಂಟು ಗುರುತು. ಬರ್ಮಿಂಗ್‌ಹ್ಯಾಮಲ್ಲಿ ಬಡವ್ರು ಇರ್ತಿದ್ದ ಕೋರ್ಟ್ ಅಂದ್ರೆ ಥೇಟ್ ನಮ್ಮ ವಠಾರ, ನಡುವೆ ಅಂಗಳ, ಅಲ್ಲಿಗೆ ಹೋಗೋಕೆ ಅಂಥ ಒಂದು ಓಣಿ. ಫೋಟೋದಲ್ಲಿ ಕ್ಷೌರದಂಗಡಿ ಆದ್ಮೇಲೆ ಕಪ್ಪಗೆ ಬಾಯ್ತೆರೆದಂಗೆ ಕಾಣ್ತಿದ್ದಿದ್ದು ಅದೇ ಓಣಿ, ಮ್ಯಾಪಲ್ಲೂ ಸರಿಯಾಗಿ ಅಲ್ಲೇ ಇಂಟು ಇತ್ತು. ಫೋಟೋದಲ್ಲಿ ಪಬ್ ಮುಂಭಾಗಕ್ಕೆ ನೇರ ಬಿಸ್ಲು ಬಿದ್ದಿದೆ, ನೆರಳು ಗಿಡ್ಡ, ಅಂದ್ರೆ ಮಧ್ಯಾಹ್ನದ ಹತ್ರ, ಈ ದೇಶದಲ್ಲಿ ಆ ಹೊತ್ತಿಗೆ ಸೂರ್ಯ ದಕ್ಷಿಣಕ್ಕಿರೋದ್ರಿಂದ ಉತ್ತರಕ್ಕೆ ಮುಖ ಮಾಡಿದ ಕಟ್ಟಡ ಆಗಿರೋಕೆ ಸಾಧ್ಯ ಇಲ್ಲ. ಮ್ಯಾಪಲ್ಲಿ ಅದರ ಮುಖ ದಕ್ಷಿಣಕ್ಕೇ ಇತ್ತು. ಕೊನೇದಾಗಿ 1921ರ ಸೆನ್ಸಸ್ (ಅದು 2022ರಲ್ಲಿ ಓಪನ್ ಆಗಿದೆ) ತೆಗ್ದು ನೋಡಿದ್ರೆ ಎದುರಿನ ವಠಾರದಲ್ಲಿ ಅಜ್ಜಿ ಅಮ್ಮನ ಹೆಸರು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಬೇರೆಯವ್ರಿಗೂ ಕೆಲವು ಫೋಟೋ ನೋಡಿ ಕೊಟ್ಟಿದ್ದೀನಿ. ಗಾಡಿ ನಂಬರ್ ಇದ್ರೆ ಬೇಗ ಆಗತ್ತೆ, 1904ರಿಂದ ಒಂದೊಂದು ಊರಿಗೂ ಅಕ್ಷರ ಇರ್ತಿತ್ತು, ಒ ಅಂದ್ರೆ ಬರ್ಮಿಂಗ್‌ಹ್ಯಾಮ್, ಎನ್ ಮ್ಯಾಂಚೆಸ್ಟರ್, ಯು ಲೀಡ್ಸ್. ಆದ್ರೆ ಬಸ್ ಇದ್ರೆ ಹುಷಾರು. ಎಚ್‌ಎ ಅಂದ್ರೆ ಸ್ಮೆಥಿಕ್ ಹೌದು, ಆದ್ರೆ ಮಿಡ್‌ಲ್ಯಾಂಡ್ ರೆಡ್ ಅನ್ನೋ ಕಂಪ್ನಿಯ ಬಹಳಷ್ಟು ಬಸ್‌ಗಳು ಇಲ್ಲೇ ನಂಬರ್ ತಗೊಂಡು ಇಡೀ ಮಿಡ್‌ಲ್ಯಾಂಡ್ಸ್ ಸುತ್ತುತಿದ್ವು.

ಆ ರಸ್ತೆ ಈಗ ಇಲ್ಲ. ಎರಡನೇ ಮಹಾಯುದ್ಧ ಆದ್ಮೇಲೆ ಲೇಡಿವುಡ್ಡಿನ ಹಳೇ ಬೀದಿಗಳನ್ನ ಕೆಡವಿ ಫ್ಲ್ಯಾಟ್ ಕಟ್ಟಿದ್ರು. ಹಳೇ ಮ್ಯಾಪನ್ನ ಈಗಿನ ಸ್ಯಾಟಲೈಟ್ ಚಿತ್ರದ ಮೇಲಿಟ್ಟು ನೋಡಿದ್ರೆ ಪಬ್ ಇದ್ದ ಜಾಗದಲ್ಲಿ ಹುಲ್ಲು, ಒಂದು ಮರ. ಹೋದ ಮೇ ತಿಂಗಳು ಅಜ್ಜೀನ ಟ್ಯಾಕ್ಸೀಲಿ ಕರ್ಕೊಂಡು ಹೋದೆ. ಔಟ್‌ಡೋರ್ ಬಾಗ್ಲು ಇದ್ದಿದ್ದು ಅಂದಾಜು ಇಲ್ಲೇ ಅಂತ ತೋರಿಸ್ದೆ. ಅವ್ರು ಆ ಕಡೆ ನೋಡ್ಲಿಲ್ಲ, ತಿರುಗಿ ಎದುರುಗಡೆ ಕಾರ್ ಪಾರ್ಕ್ ಕಡೆ ನೋಡ್ತಾ ನಿಂತ್ರು, ಅಮ್ಮನ ಮನೆ ಇದ್ದ ಕಡೆ. ನಾನು ಪಕ್ಕದಲ್ಲಿ ಫೋಟೋ ಹಿಡ್ಕೊಂಡು ಸುಮ್ನೆ ನಿಂತಿದ್ದೆ.