ಪುಣೆಯಲ್ಲಿ ನಮ್ಮ ರಿಜಿಸ್ಟರ್ ಮದುವೆ: ಜರ್ಮನಿಯ ಕಾಗದ ಮೊದಲು

ಮದುವೆಯಾಗಲಿದ್ದೇವೆ ಎಂದು ವಿವಾಹ ಅಧಿಕಾರಿಯ ಕಚೇರಿಗೆ ನಾವು ಎರಡು ಸಲ ನೋಟಿಸ್ ಕೊಡಬೇಕಾಯಿತು. ಮೊದಲನೆಯದು ಅವಧಿ ಮುಗಿದು ಬಿದ್ದುಹೋಯಿತು. ಇಲ್ಲಿಯ ಕೆಲಸ ಮೊದಲು ಮುಗಿಸೋಣ, ನನ್ನ ಗಂಡನ ದೇಶದ ಕಾಗದ ಅಷ್ಟರಲ್ಲಿ ಬರುತ್ತದೆ ಎಂದು ನಾನು ಹಟ ಹಿಡಿದಿದ್ದೇ ಅದಕ್ಕೆ ಕಾರಣ. ಈಗ ಯಾರೇ ಕೇಳಿದರೂ ಹೇಳುವುದು ಒಂದೇ: ಹೊರದೇಶದ ಕಾಗದ ಕೈಗೆ ಬರುವವರೆಗೆ ಇಲ್ಲಿ ನೋಟಿಸ್ ಕೊಡಬೇಡಿ.

ನಾನು ಹುಬ್ಬಳ್ಳಿಯವಳು, ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ. ನನ್ನ ಗಂಡ ಜರ್ಮನಿಯವನು, ಚಾಕಣದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆಯಲ್ಲಿ ಒಪ್ಪಿಗೆಯಾದ ಮೇಲೆ ಅಪ್ಪ ಕೇಳಿದ ಮೊದಲ ಮಾತು, "ಗುಡ್ಯಾಗ ತಾಳಿ ಕಟ್ಟಿಸಿ ರಸೀದಿ ತೊಗೊಂಡ್ರ ಸಾಕಲ್ಲೇನವಾ?" ಸಾಲುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಲು ಇಬ್ಬರೂ ಹಿಂದೂಗಳಾಗಿರಬೇಕು. ಬೌದ್ಧ, ಜೈನ, ಸಿಖ್ಖರೂ ಅದರೊಳಗೆ ಬರುತ್ತಾರೆ, ಕ್ರೈಸ್ತನಾದ ನನ್ನ ಗಂಡ ಬರುವುದಿಲ್ಲ. ನಮ್ಮಂಥವರಿಗೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಅದು ಜಾತಿ, ಧರ್ಮ, ಪೌರತ್ವ ಯಾವುದನ್ನೂ ಕೇಳುವುದಿಲ್ಲ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು, ಇಬ್ಬರಿಗೂ ಜೀವಂತ ಸಂಗಾತಿ ಇರಬಾರದು, ನಿಷೇಧಿತ ರಕ್ತಸಂಬಂಧ ಇರಬಾರದು.

ನೋಟಿಸ್ ಕೊಡುವ ಮುಂಚಿನ 30 ದಿನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ಒಬ್ಬರು ಸಾಕು ಎನ್ನುವುದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಏಕೆಂದರೆ ಒಬ್ಬ ಏಜೆಂಟ್ ಇಬ್ಬರೂ ಇರಲೇಬೇಕು ಎಂದು ಹೆದರಿಸಿ, "ಸರಿಮಾಡಿಸಿ ಕೊಡಲು" ಹಣ ಕೇಳಿದ್ದ. ನನ್ನ ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ (ಮನೆ ಬಾಡಿಗೆಯ) ಕರಾರು, ಆಧಾರ್, ಲೈಟ್ ಬಿಲ್ ಇಷ್ಟರಲ್ಲಿ ನಮ್ಮ ವಾಸದ ಪುರಾವೆ ಮುಗಿಯಿತು. ಅವನದು ಪಾಸ್‌ಪೋರ್ಟ್, ವೀಸಾ, ವಿದೇಶಿಯರ ನೋಂದಣಿಯ ಕಾಗದ.

ನೋಟಿಸ್ ಕಚೇರಿಯ ಬೋರ್ಡಿಗೆ ಏರುತ್ತದೆ. 30 ದಿನ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಆದರೆ ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ರದ್ದು, ಮತ್ತೆ ಮೊದಲಿನಿಂದ. ನಾವು ಸಿಕ್ಕಿಬಿದ್ದದ್ದು ಇಲ್ಲೇ.

ಅವನು ಅವಿವಾಹಿತ, ಮದುವೆಗೆ ಅರ್ಹ ಎಂದು ಅವನ ದೇಶ ಹೇಳಬೇಕು. ಬೇರೆ ಬೇರೆ ದೇಶದವರಿಗೆ ಬೇರೆ ಬೇರೆ ರೂಪದ ಕಾಗದ ಇರುತ್ತದೆ; ಜರ್ಮನರಿಗೆ ಅವರ ಊರಿನ ಷ್ಟಾಂಡೆಸಾಮ್ಟ್, ಅಂದರೆ ಜನನ-ವಿವಾಹ-ಮರಣ ನೋಂದಣಿ ಕಚೇರಿ, ವಿವಾಹ ಅರ್ಹತೆಯ ಪತ್ರ ಕೊಡುತ್ತದೆ. ಅದರ ಆಯುಷ್ಯ ಆರು ತಿಂಗಳು. ನಮ್ಮ ಕಚೇರಿಯವರು ನೋಟಿಸ್ ದಿನ ಅದನ್ನು ಕೇಳಲಿಲ್ಲ, ಮದುವೆಯ ದಿನಕ್ಕೆ ತನ್ನಿ ಎಂದರು. ನಾನು ನಿಶ್ಚಿಂತಳಾದೆ. ಆದರೆ ಆ ಪತ್ರ ಕೊಡುವ ಮೊದಲು ಜರ್ಮನಿಯ ಕಚೇರಿ ವಧುವಿನ ಕಾಗದಗಳನ್ನೂ ನೋಡುತ್ತದೆ, ನಾನು ಮೊದಲು ಅವಿವಾಹಿತಳೇ ಎಂಬುದನ್ನೂ ತಿಳಿದುಕೊಳ್ಳುತ್ತದೆ.

ನನ್ನ ಜನನ ಪ್ರಮಾಣಪತ್ರ ತೆಗೆಸಿದರೆ ಹೆಸರಿನ ಜಾಗ ಖಾಲಿ. ತಂದೆ, ತಾಯಿ, ತಾರೀಖು, ಲಿಂಗದ ಎದುರು "ಹೆಣ್ಣು", ಹೆಸರಿನ ಎದುರು ಒಂದು ಗೆರೆ. ಆ ಕಾಲದಲ್ಲಿ ಆಸ್ಪತ್ರೆಯಿಂದ ನೇರ ನೋಂದಣಿಯಾಗುತ್ತಿತ್ತು, ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಯಾರೂ ಹೋಗಿ ಬರೆಸಲಿಲ್ಲ. ಅಪ್ಪ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅಫಿಡವಿಟ್ ಹಿಡಿದು ನಾಲ್ಕು ಸಲ ಅಲೆದು ಹೆಸರು ಸೇರಿಸಿಸಿದರು. ನಾನು ಅದಕ್ಕೆ ಅಪೋಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಹೊರದೇಶದವರಿಗಾಗಿ ನಮ್ಮ ಸರ್ಕಾರ ಕೊಡುವ ದೃಢೀಕರಣ, ಹಚ್ಚಿಸಿ, ಜರ್ಮನ್‌ಗೆ ಅನುವಾದ ಮಾಡಿಸಿ ಕಳಿಸಿದೆ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ ನಿಜ, ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಆ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಅದರ ಬದಲು ದೂತಾವಾಸ ಗೊತ್ತುಮಾಡಿದ ವಕೀಲರು ಹುಟ್ಟಿದ ಊರಿಗೇ ಹೋಗಿ ಕಾಗದ ಅಸಲಿಯೇ ಎಂದು ಪರಿಶೀಲಿಸುತ್ತಾರೆ. ಅದಕ್ಕೆ ಬೇರೆ ಶುಲ್ಕ, ಬೇರೆ ಕಾಯುವಿಕೆ. ಅಪೋಸ್ಟಿಲ್‌ಗೆ ಕೊಟ್ಟ ದುಡ್ಡು ನೀರಿನಲ್ಲಿ ಹೋಯಿತು. ಜೂನ್‌ನಲ್ಲಿ ಕೊಟ್ಟ ನೋಟಿಸ್ ಸೆಪ್ಟೆಂಬರ್‌ನಲ್ಲಿ ಸತ್ತಿತು, ಅರ್ಹತಾ ಪತ್ರ ಬಂದದ್ದು ಅಕ್ಟೋಬರ್‌ನಲ್ಲಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ, ಕಾಯ್ದೆ ಓದುವಾಗ ನನಗೇ ಕಂಡಿತು. ಕೂಡುಕುಟುಂಬದಲ್ಲಿರುವ ಹಿಂದೂ ಈ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನ ಪ್ರಕಾರ ಆ ಕುಟುಂಬದಿಂದ ಬೇರೆಯಾದಂತೆ. ಇಬ್ಬರೂ ಹಿಂದೂಗಳಾದರೆ 1976ರ ತಿದ್ದುಪಡಿಯಿಂದ ಇದು ಅನ್ವಯಿಸುವುದಿಲ್ಲ, ನಮಗೆ ಅನ್ವಯಿಸುತ್ತದೆ. ಮುಂದೆ ನನ್ನ ಆಸ್ತಿಯ ವಾರಸುದಾರಿಕೆಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಲಾಗೂ. ಊರಲ್ಲಿ ಅಜ್ಜನ ಕಾಲದ ಹೊಲ ಇದೆ. ಕೂತು ಅಪ್ಪನಿಗೆ ಬಿಡಿಸಿ ಹೇಳಿದೆ: ಬೇರೆಯಾದಂತೆ ಅಂದರೆ ಹಕ್ಕು ಹೋಯಿತು ಎಂದಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದದಾಗ ಬ್ಯಾರೆ ಆದ್ರ ಆಗವಾ, ಮನ್ಯಾಗಂತೂ ಆಗೂದಿಲ್ಲ" ಎಂದರು. ಹೊಲಮನೆ ಇರುವ ಕುಟುಂಬದವರು ಮದುವೆಗೆ ಮೊದಲೇ ವಕೀಲರ ಹತ್ತಿರ ಇದನ್ನು ಮಾತಾಡಿಕೊಳ್ಳಿ. ಮದುವೆಯಾದ ಮೇಲೆ ಅಣ್ಣತಮ್ಮಂದಿರ ಬಾಯಿಂದ ಕೇಳುವುದು ಬೇಡ.

ಎರಡನೇ ನೋಟಿಸ್‌ನಲ್ಲಿ ಹೆಸರುಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿದೆ. ಅವನ ಅಡ್ಡಹೆಸರಿನಲ್ಲಿ ಯು ಮೇಲೆ ಎರಡು ಚುಕ್ಕಿಯ ಜರ್ಮನ್ ಅಕ್ಷರವಿದೆ, ಇಲ್ಲಿಯ ಕಂಪ್ಯೂಟರ್ ಅದನ್ನು ತೆಗೆದುಕೊಳ್ಳಲಿಲ್ಲ. ಗುಮಾಸ್ತರು ಬರೀ ಯು ಹಾಕಿದ್ದರು. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನಲ್ಲಿ ಅದೇ ಅಕ್ಷರ ಯು, ಇ ಎಂದು ಬಿಡಿಸಿ ಇರುತ್ತದೆ. ಅದನ್ನು ತೋರಿಸಿದಾಗ ತಿದ್ದಿಕೊಟ್ಟರು. ಆ ಒಂದು ಅಕ್ಷರ ತಪ್ಪಿದ್ದರೆ ಜರ್ಮನಿಯಲ್ಲಿ ಅವನೇ ಇವನು ಎಂದು ಮತ್ತೆ ಸಾಬೀತು ಮಾಡಬೇಕಿತ್ತು.

ಮದುವೆ ಡಿಸೆಂಬರ್‌ನಲ್ಲಾಯಿತು. ಮೂವರು ಸಾಕ್ಷಿಗಳು ಬೇಕು: ಅಪ್ಪ, ನನ್ನ ಗೆಳತಿ, ಅವನ ಜೊತೆ ಕೆಲಸ ಮಾಡುವವರೊಬ್ಬರು. "ನಿನ್ನನ್ನು ನನ್ನ ಕಾನೂನುಬದ್ಧ ಹೆಂಡತಿಯಾಗಿ ಸ್ವೀಕರಿಸುತ್ತೇನೆ" ಎಂಬ ಮಾತನ್ನು ಸಾಕ್ಷಿಗಳ ಮುಂದೆ ಬಾಯಿಬಿಟ್ಟು ಹೇಳಲೇಬೇಕು, ಆದರೆ ಇಬ್ಬರಿಗೂ ತಿಳಿಯುವ ಯಾವ ಭಾಷೆಯಾದರೂ ಆಗಬಹುದು ಎನ್ನುತ್ತದೆ ಕಾಯ್ದೆ. ಅವನು ಹದಿನೈದು ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿ ಕನ್ನಡದಲ್ಲೇ ಹೇಳಿದ. "ಕಾನೂನುಬದ್ಧ"ದಲ್ಲಿ ಒಮ್ಮೆ ತಡವರಿಸಿ, ಮತ್ತೆ ಮೊದಲಿನಿಂದ ಶುರುಮಾಡಿ, ಪೂರ್ತಿ ಹೇಳಿದ. ವಿವಾಹ ಅಧಿಕಾರಿ ಮರಾಠಿಯವರು, ಅರ್ಥವನ್ನು ನನ್ನಿಂದ ಕೇಳಿ ತಿಳಿದುಕೊಂಡು ಸಹಿ ಮಾಡಿದರು. ನಾನು ಅದೇ ಮಾತನ್ನು ಜರ್ಮನ್‌ನಲ್ಲಿ ಹೇಳಿದೆ.

ಮದುವೆಯಾದ ಕೂಡಲೇ ಅವನ ವೀಸಾ ತಾನಾಗಿ ಬದಲಾಗುವುದಿಲ್ಲ. ವೀಸಾದ ಗೋಜಿಲ್ಲದೆ ಇಲ್ಲಿರಲು ಬಿಡುವ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಲು ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು. ನಮಗಿನ್ನೂ ಏಳು ತಿಂಗಳಿದೆ. ಹುಬ್ಬಳ್ಳಿಗೆ ಪರಿಶೀಲನೆಗೆ ಬಂದಿದ್ದ ವಕೀಲರಿಗೆ ಅವ್ವ ಚಹಾ ಕೊಟ್ಟು, ನನ್ನ ತೊಟ್ಟಿಲ ಫೋಟೋ ತೋರಿಸಿದ್ದಳಂತೆ. ಅವರು ಅದರ ಪ್ರತಿಯನ್ನೂ ಒಂದು ತೆಗೆದುಕೊಂಡು ಹೋದರು.