ಮುಟ್ಟಿಗೆ ಮೊದಲ ಸಿಟ್ಟು: ಕ್ಯಾಲೆಂಡರಿನಲ್ಲಿ ಹಿಡಿಯುವುದು ಹೇಗೆ?

ಕಾಸರಗೋಡಿನ ಬದಿಯಡ್ಕ ಕಡೆಯ ನನ್ನ ಚಿಕ್ಕಮ್ಮನಿಗೆ ಡಾಕ್ಟರು ಒಮ್ಮೆ ಮಲಯಾಳದಲ್ಲಿ 'ದೇಷ್ಯಂ ಉಂಡೋ?' ಎಂದು ಕೇಳಿದರಂತೆ. ಚಿಕ್ಕಮ್ಮನ ಕಿವಿಗೆ ಬಿದ್ದದ್ದು ದ್ವೇಷ. 'ಅಯ್ಯೋ, ನನಗೆ ಯಾರ ಮೇಲೂ ದ್ವೇಷ ಇಲ್ಲ ಡಾಕ್ಟ್ರೇ' ಎಂದುಬಿಟ್ಟರು. ಮಲಯಾಳದ ದೇಷ್ಯ ಅಂದರೆ ಸಿಟ್ಟು. ಅದು ಬೇಕಾದಷ್ಟಿತ್ತು, ಪ್ರತಿ ತಿಂಗಳೂ ಮುಟ್ಟಿಗೆ ನಾಲ್ಕೈದು ದಿನ ಇರುವಾಗ.

ಇದಕ್ಕೆ ಪಿಎಂಎಸ್ (ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್, ಅಂದರೆ ಮುಟ್ಟಿಗೆ ಮೊದಲು ಬರುವ ತೊಂದರೆಗಳ ಗುಂಪು) ಎಂಬ ಹೆಸರು ಬಂದದ್ದು 1953ರಲ್ಲಿ, ಇಂಗ್ಲೆಂಡಿನ ಡಾಕ್ಟರುಗಳಾದ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಬರೆದ ಲೇಖನದಿಂದ. ಹೆಸರು ಹೊಸದು, ಸಿಟ್ಟು ಹಳೆಯದೇ.

ಮೊದಲು ಒಳಗಿನ ಲೆಕ್ಕ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಅಂಡ ಹೊರಬರುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಹಳದಿ ಬಣ್ಣದ ಸಣ್ಣ ಗಂಟೊಂದು ಉಳಿದು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಸುರಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರದೊಳಗೆ ಗಂಟು ಮುದುಡುತ್ತದೆ. ಪ್ರೊಜೆಸ್ಟರಾನ್, ಅದರ ಜೊತೆಯ ಹಾರ್ಮೋನ್ ಈಸ್ಟ್ರೊಜನ್ ಎರಡೂ ಸರ್ರನೆ ಇಳಿಯುತ್ತವೆ.

ಇಲ್ಲಿಯವರೆಗೆ ಎಲ್ಲರಿಗೂ ಒಂದೇ. ಪಿಎಂಎಸ್ ಇರುವವರಲ್ಲಿ ಹಾರ್ಮೋನ್ ಜಾಸ್ತಿ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ರಕ್ತದಲ್ಲಿ ಅಳೆದರೆ ಪಕ್ಕದ ಮನೆಯವರಷ್ಟೇ ಇರುತ್ತದೆ. ಬೇರೆ ಇರುವುದು ಆ ಏರಿಳಿತಕ್ಕೆ ಮಿದುಳು ಒಗ್ಗುವ ರೀತಿ. ಪ್ರೊಜೆಸ್ಟರಾನ್ ಒಡೆದು ಆಗುವ ಅಲೋಪ್ರೆಗ್ನನೊಲೋನ್ ಸಾಮಾನ್ಯವಾಗಿ ಮಿದುಳನ್ನು ತಣ್ಣಗಿಡುವ ವಸ್ತು. ಕೆಲವರಲ್ಲಿ ಅದೇ ಚಡಪಡಿಕೆ ತರುತ್ತದೆ. ಮನಸ್ಸನ್ನು ಹದದಲ್ಲಿಡುವ ಸಿರೊಟೋನಿನ್ ಕೂಡ ಆ ದಿನಗಳಲ್ಲಿ ತಾಳ ತಪ್ಪುತ್ತದೆ. ಪ್ರೊಜೆಸ್ಟರಾನ್ ಕರುಳನ್ನೂ ನಿಧಾನ ಮಾಡುತ್ತದೆ, ಹೊಟ್ಟೆ ಉಬ್ಬರಕ್ಕೆ ಅದೂ ಒಂದು ಕಾರಣ.

ಹಾಗಾಗಿ ಇದನ್ನು ರಕ್ತಪರೀಕ್ಷೆಯಲ್ಲಿ ಹಿಡಿಯಲಾಗದು. ತಾರೀಕಿನಲ್ಲಿ ಹಿಡಿಯಬೇಕು.

ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ. ಅಡುಗೆಮನೆಯದ್ದು ಬೇಡ, ಹಾಲಿನ ಲೆಕ್ಕದ ನಡುವೆ ಎಲ್ಲರೂ ಓದುತ್ತಾರೆ. ಮುಟ್ಟಾದ ಮೊದಲ ದಿನಕ್ಕೆ ಸುತ್ತು ಹಾಕಿ. ಆಮೇಲೆ ದಿನಾ ರಾತ್ರಿ ಮಲಗುವ ಮುಂಚೆ ಒಂದೊಂದು ಅಕ್ಷರ: ಸಿಟ್ಟಿಗೆ 'ಸಿ', ಅಳುವಿಗೆ 'ಅ', ಎದೆ (ಸ್ತನ) ಬಿಗಿತಕ್ಕೆ 'ಎ', ನಿದ್ದೆ ಕೆಟ್ಟರೆ 'ನಿ'. ತೀರಾ ಜಾಸ್ತಿಯಾದರೆ ಎರಡು ಸಲ ಬರೆಯಿರಿ. ಏನೂ ಇಲ್ಲದ ದಿನ ಸೊನ್ನೆ. ಸೊನ್ನೆ ಮರೆಯಬೇಡಿ, ಮುಖ್ಯ ಅದೇ. ವಾರಕ್ಕೊಮ್ಮೆ ನೆನಪು ಮಾಡಿಕೊಂಡು ಬರೆದರೆ ಸುಮ್ನೆ ದಂಡ.

ಎರಡು ತಿಂಗಳಾದ ಮೇಲೆ ನೋಡಿ. ಅಕ್ಷರಗಳು ಸುತ್ತಿನ ಹಿಂದಿನ ವಾರದಲ್ಲಿ ಗುಂಪುಗಟ್ಟಿ, ಮುಟ್ಟಾದ ಮೂರ್ನಾಲ್ಕು ದಿನದಲ್ಲಿ ಮಾಯವಾಗಿ, ಆಮೇಲೆ ಸೊನ್ನೆಗಳು ಸಾಲಾಗಿದ್ದರೆ ಅದು ಪಿಎಂಎಸ್ ಎನ್ನಬಹುದು. ತಿಂಗಳಿಡೀ ಚೆಲ್ಲಿದ್ದರೆ ಬೇರೆ ಏನೋ ಇರಬಹುದು. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಇವನ್ನು ನೋಡಿಸಬೇಕು.

ಮನೆಯಲ್ಲಿ ಮಾಡುವಂಥದ್ದು ಸ್ವಲ್ಪ ಉಂಟು. ಆ ವಾರ ಗಂಜಿ ಊಟಕ್ಕೆ ಮಿಡಿ ಉಪ್ಪಿನಕಾಯಿ, ಹಪ್ಪಳ ಎರಡೂ ಬೇಡ, ಉಬ್ಬರ ಇರುವಾಗ ಉಪ್ಪು ಕಡಿಮೆಯಾದಷ್ಟು ಹಿತ. ಕಾಫಿ ಇಳಿಸಿ. ದಿನಾ ಅರ್ಧ ಗಂಟೆ ನಡೆಯಿರಿ. ತೋಟದ ಕೆಲಸವೇ ನಡಿಗೆ ಎಂದು ನಮ್ಮವರು ವಾದ ಮಾಡುತ್ತಾರೆ, ಇರಲಿ, ಅದೂ ಆದೀತು. ಕ್ಯಾಲ್ಸಿಯಂ ಮಾತ್ರೆಯಿಂದ ಕೆಲವರಿಗೆ ಗುಣ ಕಂಡಿದೆ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ.

ಇಷ್ಟಕ್ಕೂ ಬಗ್ಗದಿದ್ದರೆ ಕ್ಯಾಲೆಂಡರಿನ ಹಾಳೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಸಿರೊಟೋನಿನ್ ಸರಿಪಡಿಸುವ ಮಾತ್ರೆಗಳಿವೆ, ಕೆಲವರಿಗೆ ಮುಟ್ಟಿನ ಹಿಂದಿನ ಎರಡು ವಾರ ಮಾತ್ರ ಸಾಕಾಗುತ್ತದೆ. ಆ ದಿನಗಳಲ್ಲಿ ಬದುಕೇ ಬೇಡ ಅನ್ನಿಸುವುದಾದರೆ ಎರಡು ತಿಂಗಳ ಲೆಕ್ಕಕ್ಕೆ ಕಾಯಬೇಡಿ, ಇವತ್ತೇ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ.